ಶೂ ಬಾಯಿ ಬಿಟ್ಟಿದೆ: ಹೊಲಿಸೋದಾ, ಹೊಸದು ತಗೊಳ್ಳೋದಾ?

ಕೊಡಚಾದ್ರಿಯಿಂದ ಇಳಿಯುತ್ತಿದ್ದೆವು. ಮಳೆ ಹೊಳವಾಗಿ ಎರಡು ದಿನ ಆಗಿತ್ತು, ಆದರೂ ದಾರಿ ಜಾರುತ್ತಿತ್ತು. ನನ್ನ ಬಲಗಾಲಿನ ಶೂ ಹೆಜ್ಜೆಗೊಮ್ಮೆ ಚಪ್ ಚಪ್ ಅನ್ನತೊಡಗಿತು. ಬಗ್ಗಿ ನೋಡಿದರೆ ಅಟ್ಟೆ ಬೆರಳ ಕಡೆಯಿಂದ ಅರ್ಧದವರೆಗೆ ಕಿತ್ತುಕೊಂಡು ಬಾಯಿ ಬಿಟ್ಟಿದೆ. ಕಾಲು ಗಂಟೆ ಕಳೆಯುವುದರೊಳಗೆ ಎಡಗಾಲಿನದ್ದೂ ಅದೇ ಕಥೆ. ಲೇಸ್ ಬಿಚ್ಚಿ ಶೂ ಸುತ್ತ ಕಟ್ಟಿಕೊಂಡು ಕುಂಟುತ್ತಾ ಇಳಿದೆ. ಬುಡದಲ್ಲಿ ಮೊದಲ ತೋಟ ಸಿಕ್ಕಾಗ ಅಲ್ಲಿದ್ದ ಅಜ್ಜಿಯೊಬ್ಬರು ಒಣಗಿದ ಬಾಳೆಪಟ್ಟೆ ಸೀಳಿ ಬಿಗಿಯಾಗಿ ಸುತ್ತಿಕೊಟ್ಟರು. "ಇಷ್ಟು ದುಡ್ಡು ಕೊಟ್ಟ ಬೂಟು, ಇಷ್ಟೇಯಾ ಮಗಾ?" ಅಂದರು.

ಆ ಶೂ ಹಾಕಿದ್ದು ಹೆಚ್ಚೆಂದರೆ ಹತ್ತು ಸಲ. ಮೇಲ್ಗಡೆ ಹೊಸದರ ಹಾಗೇ ಇತ್ತು. ಒಂದು ಗೀರು ಕೂಡ ಇರಲಿಲ್ಲ. ಸರಿ, ಅಂಟು ಹಾಕಿ ಒಂದು ಸುತ್ತು ಹೊಲಿಸಿದರೆ ಆಯ್ತು ಅಂದುಕೊಂಡು ಮಾರನೇ ದಿನ ಶಿವಮೊಗ್ಗದಲ್ಲಿ ಚಪ್ಪಲಿ ರಿಪೇರಿ ಮಾಡುವ ಯಜಮಾನರ ಹತ್ತಿರ ಹೋದೆ. ಅವರು ಸೂಜಿ ಮುಟ್ಟಲೇ ಇಲ್ಲ. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. ಕಂದು ಪುಡಿ ಅವರ ಮಡಿಲಿಗೆ ಉದುರಿತು.

"ಇದು ಅಂಟು ಬಿಟ್ಟಿದ್ದಲ್ಲಮ್ಮಾ. ಅಟ್ಟೆನೇ ಸತ್ತಿದೆ. ಹಪ್ಪಳಕ್ಕೆ ಹೊಲಿಗೆ ಹಾಕಕ್ಕಾಗುತ್ತಾ?"

"ಯಜಮಾನ್ರೇ, ಹತ್ತು ಸಲನೂ ಹಾಕಿಲ್ಲ ಇದನ್ನ."

"ಅದಕ್ಕೇ ಸತ್ತಿದ್ದು" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಈ ಲೇಖನ ಅವರು ಅಂದು ಹೇಳಿದ ಒಂದು ಮಾತಿನ ಮೇಲೇ ನಿಂತಿದೆ. ಬಾಯಿ ಬಿಟ್ಟ ಶೂ ನೋಡಲು ಎಲ್ಲವೂ ಒಂದೇ ಥರ. ಆದರೆ ಅಂಟು ಬಿಟ್ಟಿದ್ದು ಬೇರೆ, ಅಟ್ಟೆ ಸತ್ತಿದ್ದು ಬೇರೆ. ಮೊದಲನೆಯದಕ್ಕೆ ಖರ್ಚು ಕಡಿಮೆ, ಕೆಲಸ ಸುಲಭ. ಎರಡನೆಯದಕ್ಕೆ ಎಷ್ಟು ಸುರಿದರೂ ನೀರಿಗೆ ಹಾಕಿದ ಹಾಗೆ. ಯಾವುದು ಯಾವುದು ಅಂತ ಮನೆಯಲ್ಲೇ ತಿಳಿದುಕೊಳ್ಳಬಹುದು. ಹೇಗೆ ಅಂತ ನೋಡೋಣ. ಬೆಟ್ಟ ಹತ್ತುವವರ ಟ್ರೆಕಿಂಗ್ ಶೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ವಾಕಿಂಗ್‌ಗೆ ಹಾಕುವ ಶೂಗೂ ಇದರಲ್ಲಿ ಬಹುಪಾಲು ಸಲ್ಲುತ್ತದೆ.

ಮೊದಲು ತೊಳೆಯಿರಿ

ಕೆಸರು ಮೆತ್ತಿದ ಶೂ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಲೇಸ್ ಬಿಚ್ಚಿ, ಒಳಗಿನ ಪ್ಯಾಡ್ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅಟ್ಟೆಯ ಸಂದಿಯೆಲ್ಲಾ ಉಜ್ಜಿ. ವಾಷಿಂಗ್ ಮಷೀನ್‌ಗೆ ಹಾಕಬೇಡಿ. ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆ ಶೂವಿನಲ್ಲಿ ಬಿರುಕು ಮುಚ್ಚಿಕೊಂಡಿರುತ್ತದೆ, ಒಣಗಿದ ಮೇಲೆ ಬಾಯಿ ತೆರೆಯುತ್ತದೆ.

ವಯಸ್ಸು ಎಷ್ಟು?

ನೀವು ಕೊಂಡ ದಿನ ಅಲ್ಲ, ಅದು ತಯಾರಾದ ದಿನ ಮುಖ್ಯ. ಎಷ್ಟೋ ಶೂಗಳಲ್ಲಿ ನಾಲಿಗೆಯ ಒಳಗೆ, ಅಂದರೆ ಲೇಸ್ ಅಡಿಗೆ ಬರುವ ಪಟ್ಟಿಯ ಹಿಂದೆ, ಒಂದು ಚಿಕ್ಕ ಚೀಟಿ ಹೊಲಿದಿರುತ್ತಾರೆ. ಅದರಲ್ಲಿ ತಿಂಗಳು, ವರ್ಷ ಇರುತ್ತದೆ. ಇಲ್ಲದಿದ್ದರೆ ಡಬ್ಬದ ಮೇಲೆ, ಬೆಲೆ ಬರೆದಿರುವ ಜಾಗದಲ್ಲಿ ಹುಡುಕಿ. ಡಬ್ಬ ಎಸೆದಿದ್ದರೆ ಬಿಲ್ ನೋಡಿ, ಕೊಂಡು ಎಷ್ಟು ವರ್ಷ ಆಯಿತೋ ಅದಕ್ಕೆ ಒಂದು ವರ್ಷ ಸೇರಿಸಿಕೊಳ್ಳಿ. ಇದು ನನ್ನ ಅಂದಾಜಿನ ಲೆಕ್ಕ ಅಷ್ಟೇ.

ಐದು ವರ್ಷ ದಾಟಿದ ಶೂ ಆದರೆ ಮುಂದಿನ ಪರೀಕ್ಷೆಯನ್ನು ಎರಡೆರಡು ಸಲ ಮಾಡಿ. ಹತ್ತು ದಾಟಿದ್ದರೆ, ಎಷ್ಟೇ ಹೊಳೆಯುತ್ತಿದ್ದರೂ ದೂರದ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ.

ಉಗುರಿನ ಪರೀಕ್ಷೆ

ಶೂವಿನ ಅಡಿ ಒಂದೇ ತುಂಡಲ್ಲ. ನೆಲಕ್ಕೆ ತಾಗುವುದು ಗಟ್ಟಿ ರಬ್ಬರ್. ಅದರ ಮೇಲೆ, ಪಕ್ಕದಿಂದ ನೋಡಿದರೆ ಒಂದು ದಪ್ಪ ಮೆತ್ತನೆ ಪದರ ಕಾಣುತ್ತದೆ. ಬೇರೆ ಬಣ್ಣದಲ್ಲಿರುವುದೇ ಜಾಸ್ತಿ. ಇದಕ್ಕೆ ಮಿಡ್‌ಸೋಲ್ ಅನ್ನುತ್ತಾರೆ. ನಾನು ನಡು ಅಟ್ಟೆ ಅಂತ ಕರೆಯುತ್ತೇನೆ. ನಿಮ್ಮ ಮೈಭಾರ ಹೊರುವುದು ಇದು. ಮಲೆನಾಡಿನಲ್ಲಿ ಮೊದಲು ಸಾಯುವುದೂ ಇದೇ.

ಹೆಬ್ಬೆರಳಿನ ಉಗುರನ್ನು ನಡು ಅಟ್ಟೆಗೆ ಜೋರಾಗಿ ಒತ್ತಿ. ಹಿಮ್ಮಡಿಯ ಹತ್ತಿರ ಒಂದು ಸಲ, ಮುಂಗಾಲು ಮಡಚುವ ಕಡೆ ಒಂದು ಸಲ. ಬಿಟ್ಟ ಕೂಡಲೇ ಗುರುತು ಮಾಯವಾಗಿ ಮೊದಲಿನ ಹಾಗಾದರೆ ಜೀವ ಇದೆ. ಗುರುತು ಹಾಗೇ ಉಳಿದರೆ, ಉಗುರಿಗೆ ಅಂಟಂಟಾಗಿ ಹತ್ತಿದರೆ, ಒಣಗಿದ ಬೆಲ್ಲದಂತೆ ಪುಡಿ ಉದುರಿದರೆ ಕಥೆ ಮುಗಿಯಿತು. ಅದಕ್ಕೆ ಅಂಟು ಹಾಕಿದರೆ ಅಂಟು ಹಿಡಿಯುವುದು ಪುಡಿಯನ್ನು, ಅಟ್ಟೆಯನ್ನಲ್ಲ.

ಆಮೇಲೆ ಬಾಯಿ ಬಿಟ್ಟ ಜಾಗ ನೋಡಿ. ಬಿಟ್ಟುಕೊಂಡ ಎರಡೂ ಮೈ ನಯವಾಗಿದ್ದು, ಹಳದಿ ಅಂಟಿನ ಪದರ ಒಂದು ಕಡೆ ಕಾಣುತ್ತಿದ್ದರೆ ಖುಷಿಪಡಿ. ಅಂಟು ಮಾತ್ರ ಸೋತಿದೆ. ಎರಡೂ ಕಡೆ ಅಟ್ಟೆಯ ಚೂರು ಮೆತ್ತಿಕೊಂಡು, ಹರಿದ ರೊಟ್ಟಿಯ ಅಂಚಿನ ಹಾಗಿದ್ದರೆ ಅಟ್ಟೆಯೇ ಹರಿದಿದೆ ಅಂತ ಅರ್ಥ.

ಹಾಕದೇ ಇಟ್ಟ ಶೂ ಯಾಕೆ ಸಾಯುತ್ತದೆ? ಒಳ್ಳೆ ಟ್ರೆಕಿಂಗ್ ಶೂಗಳ ನಡು ಅಟ್ಟೆ ಬಹಳ ಸಲ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಫೋಮ್, ಚುಟುಕಾಗಿ ಪಿಯು. ಬಾಳಿಕೆ ಚೆನ್ನಾಗಿದೆ, ಭಾರ ಹೊರುತ್ತದೆ. ಆದರೆ ಇದಕ್ಕೆ ಒಂದು ಶತ್ರು ಇದೆ, ಗಾಳಿಯಲ್ಲಿರುವ ತೇವ. ನೀರಿನ ಕಣ ನಿಧಾನವಾಗಿ ಒಳಗೆ ಹೊಕ್ಕು ಅದರ ಸರಪಳಿಯಂಥ ಅಣುಗಳನ್ನು ಒಂದೊಂದೇ ಕಡಿಯುತ್ತಾ ಹೋಗುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಹೊರಗಿನಿಂದ ಏನೂ ಕಾಣುವುದಿಲ್ಲ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದೊಳಗೆ ಇದು ಆಗುತ್ತದೆ. ಆಗಾಗ ಹಾಕಿ ನಡೆಯುವ ಶೂ ಜಾಸ್ತಿ ದಿನ ಬರುತ್ತದೆ ಅಂತ ತಯಾರಕರೇ ಹೇಳುತ್ತಾರೆ. ನಡೆದಾಗ ಅಟ್ಟೆ ಅಮುಕಿ ಬಿಟ್ಟು ಅಮುಕಿ ಬಿಟ್ಟು ಒಳಗಿನ ತೇವ ಹೊರಗೆ ಬರುತ್ತದೆ. ಮುಚ್ಚಿಟ್ಟ ಶೂಗೆ ಆ ಭಾಗ್ಯ ಇಲ್ಲ.

ಈಗ ನನ್ನ ಶೂ ನೆನಪಿಸಿಕೊಳ್ಳಿ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ತೀರ್ಥಹಳ್ಳಿ ಕಡೆಯ ಅಪ್ಪನ ಮನೆಯ ಅಟ್ಟದಲ್ಲಿ, ಐದು ಮಳೆಗಾಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7 ಸಾವಿರ ಮಿ.ಮೀ. ಮಳೆ. ಜುಲೈನಲ್ಲಿ ಬೆಂಕಿಪೊಟ್ಟಣ ಕೂಡ ಹತ್ತದ ಊರು ನಮ್ಮದು. ಹಾಳಾಗದಂತೆ ಜೋಪಾನ ಮಾಡುತ್ತೇನೆ ಅಂದುಕೊಂಡು ನಾನೇ ಅದನ್ನು ಹಬೆಯಲ್ಲಿ ಕಡುಬಿನ ಹಾಗೆ ಬೇಯಿಸಿಟ್ಟಿದ್ದೆ.

ಇನ್ನೊಂದು ಜಾತಿಯ ನಡು ಅಟ್ಟೆ ಇದೆ, ಇವಿಎ. ಹಗುರವಾದ ಶೂಗಳಲ್ಲಿ, ಓಡುವವರ ಶೂಗಳಲ್ಲಿ ಇರುವುದು ಬಹುಪಾಲು ಇದೇ. ಇದು ತೇವಕ್ಕೆ ಹೀಗೆ ಪುಡಿಯಾಗುವುದಿಲ್ಲ. ಆದರೆ ಹಳೇ ಹಾಸಿಗೆಯ ಹತ್ತಿಯ ಹಾಗೆ ಒತ್ತಿ ಒತ್ತಿ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ಅಡ್ಡಡ್ಡ ಸುಕ್ಕು ಬಿದ್ದು ಅವು ನಿಂತೇಬಿಟ್ಟಿದ್ದರೆ, ನಡೆದ ಸಂಜೆ ಮೊಣಕಾಲು, ಹಿಮ್ಮಡಿ ಹೊಸದಾಗಿ ನೋಯುತ್ತಿದ್ದರೆ ಅದರ ಸ್ಪ್ರಿಂಗ್ ಹೋಗಿದೆ. ಓಡುವ ಶೂಗೆ 500ರಿಂದ 800 ಕಿ.ಮೀ. ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಟ್ರೆಕಿಂಗ್ ಶೂ ಇನ್ನೂ ಜಾಸ್ತಿ ಬರುತ್ತದೆ. ಚಪ್ಪಟೆಯಾದ ಇವಿಎಗೂ ರಿಪೇರಿ ಇಲ್ಲ. ಹೊಸ ಪ್ಯಾಡ್ ಹಾಕಿ ಒಂದಷ್ಟು ದಿನ ತಳ್ಳಬಹುದು.

ಇಲ್ಲಿ ಶೂ ಫೇಲಾದರೆ ಮುಂದೆ ಓದುವುದೇ ಬೇಡ, ಸೀದಾ ಹೊಸ ಶೂ ಕೊಳ್ಳುವ ಭಾಗಕ್ಕೆ ಹೋಗಿ.

ನೆಲ ಹಿಡಿಯುತ್ತದಾ?

ತಲೆಕೆಳಗು ಮಾಡಿ ನೋಡಿ. ರಬ್ಬರ್‌ನ ಹಲ್ಲುಗಳ ನಡುವೆ ಒಂದು ಬೆಂಕಿಕಡ್ಡಿಯನ್ನು ತಲೆ ಕೆಳಗಾಗಿ ನಿಲ್ಲಿಸಿ. ಮದ್ದಿನ ತಲೆ ಪೂರ್ತಿ ಮುಳುಗಿದರೆ ಇನ್ನೂ ಒಂದು ಸೀಸನ್ ಇದೆ. ಅರ್ಧವೂ ಮುಳುಗದಿದ್ದರೆ ಇಳಿಜಾರಿನಲ್ಲಿ ನಂಬಬೇಡಿ. ಇದು ಯಾವ ಕಂಪನಿಯೂ ಹೇಳಿದ ಅಳತೆ ಅಲ್ಲ, ನನ್ನದು. ಹೆಬ್ಬೆರಳಿನ ಬುಡಕ್ಕೆ ಬರುವ ಜಾಗ ಮತ್ತು ಹಿಮ್ಮಡಿಯ ಹೊರ ಅಂಚು ಮೊದಲು ಸವೆಯುತ್ತವೆ, ಅಲ್ಲೇ ಅಳೆಯಿರಿ.

ಹಲ್ಲು ಚೆನ್ನಾಗಿದ್ದರೂ ರಬ್ಬರ್ ಮುದಿಯಾಗಿರಬಹುದು. ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗುತ್ತದೆ. ಉಗುರು ಒತ್ತಿದರೆ ಕಲ್ಲಿನ ಹಾಗೆ, ಮಡಚಿದರೆ ಸಣ್ಣ ಸಣ್ಣ ಗೆರೆ. ಕವಲೇದುರ್ಗದ ಕಲ್ಲು ಹಾಸಿನ ದಾರಿಯಲ್ಲಿ ಮಳೆ ಬಿದ್ದಾಗ ಇಂಥ ಶೂ ಹಾಕಿ ನಡೆದರೆ ಗೊತ್ತಾಗುತ್ತದೆ. ಹೊಸ ರಬ್ಬರ್ ಕೂಡ ಪಾಚಿ ಮೇಲೆ ಜಾರುತ್ತದೆ, ಅದು ಬೇರೆ ಮಾತು. ಮುದಿ ರಬ್ಬರ್ ಬರೀ ಒದ್ದೆ ಕಲ್ಲಿನ ಮೇಲೂ ಜಾರುತ್ತದೆ.

ರಬ್ಬರ್ ಅಟ್ಟೆಯ ಹಿಂದೆ ಒಂದು ಸಾವಿನ ಕಥೆ ಇದೆ. ಇಟಲಿಯ ವಿತಾಲೆ ಬ್ರಮಾನಿ ಅನ್ನುವ ಬೆಟ್ಟ ಹತ್ತುವವರು 1935ರಲ್ಲಿ ಆಲ್ಪ್ಸ್‌ನಲ್ಲಿ ತಮ್ಮ ಜೊತೆಯ ಆರು ಮಂದಿಯನ್ನು ಕಳೆದುಕೊಂಡರು. ಕಾಲಿಗೆ ತಕ್ಕ ಶೂ ಇಲ್ಲದ್ದೂ ಅದಕ್ಕೆ ಒಂದು ಕಾರಣ ಅಂತ ಅವರಿಗೆ ಅನ್ನಿಸಿತು. 1937ರ ಹೊತ್ತಿಗೆ ಆಳ ಹಲ್ಲಿನ ರಬ್ಬರ್ ಅಟ್ಟೆ ಮಾಡಿಸಿದರು. ಅವರ ಹೆಸರಿನ ತುಂಡುಗಳನ್ನು ಸೇರಿಸಿಯೇ ವೈಬ್ರಮ್ ಅಂತ ಹೆಸರು ಬಂದಿದ್ದು. ನಿಮ್ಮ ಶೂ ಅಡಿಯಲ್ಲಿ ಹಳದಿ ಎಂಟು ಮೂಲೆಯ ಗುರುತಿದ್ದರೆ ಅದೇ.

ಮಡಚಿ ನೋಡಿ, ಮೇಜಿನ ಮೇಲೆ ಇಟ್ಟು ನೋಡಿ

ಶೂವಿನ ಎರಡೂ ತುದಿ ಹಿಡಿದು ಮಡಚಿ. ಬೆರಳುಗಳ ಬುಡದಲ್ಲಿ ಬಾಗಬೇಕು. ನಡುವೆ, ಪಾದದ ಕಮಾನಿನ ಹತ್ತಿರ ಪುಸ್ತಕದಂತೆ ಮಡಚಿಕೊಂಡರೆ ಒಳಗಿನ ಗಟ್ಟಿ ಪಟ್ಟಿ ಮುರಿದಿದೆ. ಅದನ್ನು ಬೀದಿ ಬದಿಯಲ್ಲಿ ಯಾರೂ ಸರಿ ಮಾಡಲಾರರು. ಆಮೇಲೆ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ರಬ್ಬರ್ ಒಂದು ಕಡೆ ಸವೆದಿರುವುದು ಮಾಮೂಲಿ. ಶೂವೇ ಕುಡಿದವನ ಹಾಗೆ ಒಂದು ಕಡೆ ವಾಲಿದ್ದರೆ ಅದರ ಜೊತೆ ನಿಮ್ಮ ಪಾದದ ಗಂಟೂ ವಾಲುತ್ತದೆ.

ಮೇಲ್ಭಾಗ ಮತ್ತು ಒಳಗಡೆ

ಜನ ಮೊದಲು ನೋಡುವುದು ಇದನ್ನು. ನಾನು ಕೊನೆಗೆ ನೋಡುವುದು ಇದನ್ನು. ಇಲ್ಲಿ ಆಗುವ ಹಾನಿ ಬಹುಪಾಲು ರಿಪೇರಿ ಆಗುವಂಥದ್ದೇ.

ಹೊಲಿಗೆ ಬಿಟ್ಟರೆ ಹೊಲಿಸಬಹುದು. ಲೇಸ್ ಕೊಕ್ಕೆ, ರಿಂಗ್ ಕಿತ್ತರೆ ಬ್ಯಾಗ್ ರಿಪೇರಿ ಮಾಡುವವರು ಹೊಸದು ಹೊಡೆದು ಕೊಡುತ್ತಾರೆ. ಹಿಮ್ಮಡಿಯ ಒಳಗೆ ಬಟ್ಟೆ ತೂತಾಗಿ ಬೊಬ್ಬೆ ಬರುತ್ತಿದ್ದರೆ ತೆಳು ತೊಗಲು ಅಂಟಿಸಿ ಹೊಲಿಸಿ. ಅದು ನಿಜಕ್ಕೂ ಒಳ್ಳೆಯ ರಿಪೇರಿ, ಹೊಸದಕ್ಕಿಂತ ಹಿತ. ಒಳಗಿನ ಪ್ಯಾಡ್ ಬದಲಿಸುವುದು ರಿಪೇರಿ ಅಂತಲೇ ಲೆಕ್ಕಕ್ಕಿಲ್ಲ. ಆದರೆ ತೊಗಲು ಬೆರಳು ಮಡಚುವ ಕಡೆ ಆರಪಾರ ಬಿರಿದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ದಿನಕ್ಕೆ ಸಾವಿರಾರು ಸಲ ಮಡಚುವ ಜಾಗ ಅದು. ಹಿಮ್ಮಡಿ ಹಿಡಿಯುವ ಗಟ್ಟಿ ಬಟ್ಟಲು ಒಡೆದು ಮೆತ್ತಗಾಗಿದ್ದರೂ ಹಾಗೇ, ಇಳಿಯುವಾಗ ಕಾಲು ಒಳಗೇ ಹೊರಳುತ್ತದೆ.

ನೀರು ಒಳಗೆ ಬರದಂತೆ ತೆಳು ಪೊರೆ ಇರುವ ಶೂ ನಿಮ್ಮದಾಗಿದ್ದರೆ ಒಂದು ಸಣ್ಣ ಪರೀಕ್ಷೆ. ಒಳಗೆ ಒಣ ಪೇಪರ್ ತುಂಬಿ, ಬಕೆಟ್‌ನಲ್ಲಿ ಲೇಸ್ ಶುರುವಾಗುವ ಮಟ್ಟದವರೆಗೆ ನೀರಿಟ್ಟು ಹತ್ತು ನಿಮಿಷ ನಿಲ್ಲಿಸಿ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲಿ ತೂತು. ಪೊರೆಗೆ ತೇಪೆ ಹಾಕಲು ಆಗುವುದಿಲ್ಲ. ಹಾಗಂತ ಶೂ ಬಿಸಾಡುವಷ್ಟು ದೊಡ್ಡ ವಿಷಯವೂ ಅಲ್ಲ. ನಮ್ಮ ಮಳೆಗೆ ನೀರು ಬರುವುದು ಮೇಲಿನಿಂದ, ಕಾಲ್ಚೀಲ ಹಿಡಿದುಕೊಂಡು ಇಳಿದು. ಆಷಾಢದಲ್ಲಿ ಪೊರೆ ಇದ್ದ ಶೂ ಒಮ್ಮೆ ತುಂಬಿತು ಅಂದರೆ ಹೊರಗೆ ಹೋಗಲೂ ದಾರಿ ಇರುವುದಿಲ್ಲ. ನನಗೆ ಕೇಳಿದರೆ ಮಲೆನಾಡಿನ ಮಳೆಗೆ ಬೇಗ ಒಣಗುವ ಶೂ ವಾಸಿ.

ದುಡ್ಡಿನ ಲೆಕ್ಕ

ಉಗುರಿನ ಪರೀಕ್ಷೆ ಪಾಸಾಗಿ, ಹಲ್ಲೂ ಇದೆ ಅಂದರೆ ರಿಪೇರಿಯೇ ಸರಿ. ಯೋಚನೆ ಬರುವುದು ಎರಡು ಮೂರು ಕೆಲಸ ಒಟ್ಟಿಗೆ ಬಂದಾಗ. ಅಂಟು, ಸುತ್ತ ಹೊಲಿಗೆ, ಒಳಗೆ ತೊಗಲು, ಹೊಸ ಪ್ಯಾಡ್ ಎಲ್ಲಾ ಸೇರಿ ಹೊಸ ಶೂ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ನಿಲ್ಲಿಸುತ್ತೇನೆ. ಕಾಲಿಗೆ ಚೆನ್ನಾಗಿ ಕೂತ ಶೂ ಆದರೆ ಅರ್ಧದವರೆಗೂ ಹೋಗಬಹುದು. ಅಗಲ ಪಾದದವರಿಗೆ ಸರಿಯಾದ ಶೂ ಸಿಗುವ ಕಷ್ಟ ಅವರಿಗೇ ಗೊತ್ತು.

ಹೊಲಿಸುವುದು, ಬಿಸಾಡುವುದು ಎರಡರ ನಡುವೆ ಮೂರನೆಯದೊಂದಿದೆ. ಹಿಂಬಡ್ತಿ. ಬೆಟ್ಟಕ್ಕೆ ಬೇಡವಾದ ಶೂ ತೋಟಕ್ಕೆ, ಪೇಟೆಗೆ, ಗಾಡಿ ತೊಳೆಯುವುದಕ್ಕೆ ಸಾಕು. ಹಲ್ಲು ಸವೆದು ನಡು ಅಟ್ಟೆ ಗಟ್ಟಿಯಿದ್ದರೆ ಆರಾಮಾಗಿ ಎರಡು ವರ್ಷ ಬರುತ್ತದೆ. ನಡು ಅಟ್ಟೆಯೇ ಸತ್ತಿದ್ದರೆ ಮಾತ್ರ ಅಂಗಳಕ್ಕೂ ಬೇಡ. ಯಾವ ಹೆಜ್ಜೆಗೆ ಕೈಕೊಡುತ್ತದೋ ಹೇಳಲಾಗದು.

ಒಂದು ವಿಷಯ ಮರೆಯಬೇಡಿ. ಕೊಂಡು ಕೆಲವೇ ತಿಂಗಳಲ್ಲಿ ಅಂಟು ಬಿಟ್ಟರೆ ಹೊಲಿಸುವ ಮುಂಚೆ ಬಿಲ್ ಹಿಡಿದು ಅಂಗಡಿಗೆ ಹೋಗಿ. ಒಂದು ಸಲ ಹೊರಗೆ ಸೂಜಿ ಬಿದ್ದರೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ.

ರಿಪೇರಿಗೆ ಕೊಡುವಾಗ

ಬರೀ "ಅಂಟಿಸಿ ಕೊಡಿ" ಅಂತ ಇಟ್ಟು ಬರಬೇಡಿ. ಕೂತು ಮಾತಾಡಿ. ನಾಲ್ಕು ವಿಷಯ ಕೇಳಿ.

ಹಳೇ ಅಂಟು ಪೂರ್ತಿ ಕೆರೆದು ಉಪ್ಪು ಕಾಗದದಲ್ಲಿ ಉಜ್ಜುತ್ತಾರಾ? ಇದೇ ಅರ್ಧ ಕೆಲಸ. ಹಳೇ ಅಂಟಿನ ಮೇಲೆ ಹೊಸ ಅಂಟು ಬಳಿದರೆ ಮೊದಲ ಮಳೆಗೇ ಬಿಡುತ್ತದೆ. ಎರಡನೆಯದು, ದಾರ. ಹತ್ತಿಯ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ, ನೈಲಾನ್ ಬೇಕು. ಮೂರನೆಯದು, ಶೂ ಅವರ ಹತ್ತಿರ ಒಂದು ರಾತ್ರಿ ಇರಲಿ. "ಹತ್ತು ನಿಮಿಷ ಕೂತಿರಿ, ಆಯ್ತು" ಅಂದರೆ "ನಾಳೆ ಬರ್ತೀನಿ ಯಜಮಾನ್ರೇ" ಅನ್ನಿ. ನಾಲ್ಕನೆಯದು, ಸುತ್ತ ಹೊಲಿಗೆ ಬೇಕಾ ಬೇಡವಾ ಅನ್ನುವುದು. ರಬ್ಬರ್ ಪಕ್ಕದವರೆಗೆ ಮೇಲೆ ಬಂದು ಬಟ್ಟಲಿನ ಹಾಗೆ ಕೂತಿದ್ದರೆ ಹೊಲಿಗೆ ಚೆನ್ನಾಗಿ ಕೂರುತ್ತದೆ. ನೀರು ತಡೆಯುವ ಶೂ ಆದರೆ ಪ್ರತಿ ಹೊಲಿಗೆಯೂ ಒಂದು ತೂತು, ಅಲ್ಲಿಗೆ ಅಂಟಷ್ಟೇ ಸಾಕು.

ಪೂರ್ತಿ ಅಟ್ಟೆ ಬದಲಿಸುವುದು ಬೇರೆಯೇ ಕೆಲಸ. ಶೂವಿನ ಸುತ್ತ ಹೊರಚಾಚಿದ ಅಂಚಿನಲ್ಲಿ ದಪ್ಪ ಹೊಲಿಗೆ ಕಾಣುವ ತೊಗಲಿನ ಬೂಟುಗಳಿಗೆ ಇದು ಸುಲಭ, ಅವು ಹುಟ್ಟಿದ್ದೇ ಹಾಗೆ ಬಿಚ್ಚಿ ಕಟ್ಟುವುದಕ್ಕೆ. ಅಚ್ಚಿನಲ್ಲಿ ಅಟ್ಟೆಯನ್ನು ಶೂಗೇ ಸೇರಿಸಿ ಎರಕ ಹೊಯ್ದಂತಿರುವವಕ್ಕೆ ಆಗುವುದಿಲ್ಲ.

ಮನೆಯಲ್ಲೇ ಅಂಟಿಸುವುದಾದರೆ

ಬಾಯಿ ಬಿಟ್ಟಿದ್ದು ಎರಡು ಮೂರು ಇಂಚು ಮಾತ್ರ ಇದ್ದರೆ ನೀವೇ ಮಾಡಬಹುದು.

ಮೊದಲೇ ಹೇಳಿಬಿಡುತ್ತೇನೆ, ಫೆವಿಕ್ವಿಕ್ ಬೇಡ. ಕೈಗೆ ಬೇಗ ಸಿಗುತ್ತದೆ, ಬೇಗ ಹಿಡಿಯುತ್ತದೆ, ನಿಜ. ಒಣಗಿದ ಮೇಲೆ ಗಾಜಿನ ಹಾಗಾಗುತ್ತದೆ. ಮಡಚುವ ಜಾಗದಲ್ಲಿ ಎರಡನೇ ದಿನಕ್ಕೆ ಪಟ್ ಅಂತ ಬಿಡುತ್ತದೆ. ಅಷ್ಟೇ ಅಲ್ಲ, ಆಮೇಲೆ ಸರಿಯಾದ ಅಂಟು ಹಾಕಲು ಹೋದರೆ ಆ ಗಟ್ಟಿ ಪದರ ಬಿಡಿಸುವುದರಲ್ಲೇ ರಬ್ಬರ್ ಕಿತ್ತು ಬರುತ್ತದೆ. ರಿಪೇರಿ ಮಾಡುವವರು ಇದನ್ನು ಕಂಡರೆ ಮುಖ ಸಿಂಡರಿಸುವುದು ಇದಕ್ಕೇ. ಬೇಕಾಗಿರುವುದು ಒಣಗಿದ ಮೇಲೂ ರಬ್ಬರ್ ಹಾಗೆ ಬಾಗುವ ಅಂಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಫೆವಿಬಾಂಡ್ ಥರದ್ದು, ಇಲ್ಲವೇ ಚಪ್ಪಲಿ ರಿಪೇರಿಯ ಸೊಲ್ಯೂಷನ್ ಕೇಳಿ.

ಹೊಳವಾದ ದಿನ ಆರಿಸಿಕೊಳ್ಳಿ. ಜಡಿಮಳೆ ದಿನ ಮಾಡಿದರೆ ಅಂಟಿನ ಮೇಲೆ ತೇವ ಕೂತು ಬಿಳಿಚಿಕೊಳ್ಳುತ್ತದೆ. ಬಾಯೊಳಗೆ ಹಳೇ ಅಂಟು ಕೆರೆಯಿರಿ, ಎರಡೂ ಮೈಯನ್ನು ಉಪ್ಪು ಕಾಗದದಿಂದ ಒರಟು ಮಾಡಿ, ಧೂಳು ಒರೆಸಿ. ಹೇರ್ ಡ್ರೈಯರ್ ಇದ್ದರೆ ಒಂದು ನಿಮಿಷ ಬಿಸಿ ಗಾಳಿ ಹಿಡಿದು ಒಣಗಿಸಿ. ಎರಡೂ ಕಡೆಗೆ ತೆಳುವಾಗಿ ಅಂಟು ಬಳಿಯಿರಿ. ಕೂಡಲೇ ಒತ್ತಬೇಡಿ, ಎಲ್ಲರೂ ತಪ್ಪುವುದು ಇಲ್ಲೇ. ಹತ್ತು ಹದಿನೈದು ನಿಮಿಷ ಬಾಯಿ ಬಿಡಿಸಿಯೇ ಇಡಿ, ನಡುವೆ ಒಂದು ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿದರೆ ಆಯ್ತು. ಬೆರಳು ತಾಗಿಸಿದರೆ ಅಂಟು ಬೆರಳಿಗೆ ಬರಬಾರದು, ಸ್ವಲ್ಪ ಎಳೆದ ಹಾಗೆ ಮಾತ್ರ ಆಗಬೇಕು. ಆಗ ಒಳಗಿನಿಂದ ಹೊರಕ್ಕೆ ಒತ್ತುತ್ತಾ ಸೇರಿಸಿ. ಒಂದೇ ಸಲ ಸರಿಯಾಗಿ ಕೂರಿಸಬೇಕು, ತಾಗಿದ ಮೇಲೆ ಜರುಗಿಸಲು ಆಗದು. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ ಶೂ ಸುತ್ತ ಬಿಗಿಯಾಗಿ ಸುತ್ತಿ, ಒಳಗೆ ಪೇಪರ್ ತುರುಕಿ, 24 ಗಂಟೆ ಮರೆತುಬಿಡಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಆ ವಾಸನೆ ಒಳ್ಳೆಯದಲ್ಲ. ಒಲೆ ಹತ್ತಿರವಂತೂ ಬೇಡವೇ ಬೇಡ, ಅದು ಬೇಗ ಬೆಂಕಿ ಹಿಡಿಯುವ ಸಾಮಾನು.

ಗಮ್ ಬೂಟಿನ ವಿಷಯ

ತೋಟದವರು ಕೇಳುತ್ತಾರೆ ಅಂತ ಇಷ್ಟು. ಗಮ್ ಬೂಟು ಎರಡು ಥರ. ನಿಜವಾದ ರಬ್ಬರ್‌ನದ್ದಾದರೆ ಸೈಕಲ್ ಪಂಕ್ಚರ್ ತೇಪೆ ಹಿಡಿಯುತ್ತದೆ. ಈಗ ಜಾಸ್ತಿ ಬರುವುದು ಪಿವಿಸಿಯದ್ದು, ಅದಕ್ಕೆ ಆ ತೇಪೆ ನಿಲ್ಲುವುದಿಲ್ಲ. ಮಡಚುವ ಕಡೆ ಬಿರಿದ ಪಿವಿಸಿ ಬೂಟಿಗೆ ತೇಪೆ ಹಾಕುವ ಸಾಹಸ ನಾನು ಮಾಡುವುದಿಲ್ಲ. ಅಪ್ಪ ಅಂಥದ್ದನ್ನು ಪಾದದ ಗಂಟಿನ ಕೆಳಗೆ ಕತ್ತರಿಸಿ ಬಚ್ಚಲಿಗೆ ಹೋಗಿಬರುವ ಚಪ್ಪಲಿ ಮಾಡಿಕೊಂಡಿದ್ದಾರೆ. ಅಡಿಕೆಗೆ ಬೋರ್ಡೋ ಔಷಧಿ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುವಾಗ ಮಾತ್ರ ಬಿರಿದ ಬೂಟು ಹಾಕಬೇಡಿ.

ಹೊಸದು ಕೊಳ್ಳುವುದೇ ಅಂತಾದರೆ

ಅಂಗಡಿಯಲ್ಲಿ ಮೊದಲು ತಯಾರಾದ ತಿಂಗಳು ನೋಡಿ, ಆಮೇಲೆ ಬೆಲೆ ನೋಡಿ. ಅರ್ಧ ಬೆಲೆಗೆ ಸಿಕ್ಕಿತು ಅಂತ ಕುಣಿಯುವ ಶೂ ಎಷ್ಟೋ ಸಲ ಗೋದಾಮಿನಲ್ಲಿ ಮೂರು ನಾಲ್ಕು ವರ್ಷ ಕೂತಿದ್ದಿರುತ್ತದೆ. ಪಿಯು ಅಟ್ಟೆಯ ಆಯಸ್ಸು ಅಷ್ಟು ಕಳೆದೇ ನಿಮ್ಮ ಕೈಗೆ ಬರುತ್ತದೆ. ನನ್ನದೂ ಆಫರ್‌ನಲ್ಲಿ ಬಂದಿದ್ದೇ.

ಸಂಜೆ ಹೋಗಿ. ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಇರುತ್ತದೆ. ಬೆಟ್ಟಕ್ಕೆ ಹಾಕುವ ದಪ್ಪ ಕಾಲ್ಚೀಲವನ್ನೇ ಹಾಕಿಕೊಂಡು ಹೋಗಿ. ಲೇಸ್ ಕಟ್ಟದೆ ಕಾಲನ್ನು ಮುಂದಕ್ಕೆ ದೂಡಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿ. ಬೆರಳ ತುದಿ ಮುಂದಕ್ಕೆ ತಾಗಿದರೆ ಬೇಡ, ಕೊಡಚಾದ್ರಿ ಇಳಿದ ಮೇಲೆ ಹೆಬ್ಬೆರಳಿನ ಉಗುರು ಕಪ್ಪಾಗುವುದು ಖಂಡಿತ. ಅಂಗಡಿಯವರು "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಅಂತಾರೆ. ಅಗಲಕ್ಕೆ ಒಂದಿಷ್ಟು ಆಗುತ್ತದೆ, ಉದ್ದಕ್ಕೆ ಆಗುವುದಿಲ್ಲ.

ಮಳೆಗಾಲ ದಾಟಿಸುವುದು

ಬೆಟ್ಟದಿಂದ ಬಂದ ರಾತ್ರಿ ಒದ್ದೆ ಶೂವನ್ನು ಬಚ್ಚಲೊಲೆ ಪಕ್ಕ ಇಡುವುದು ನಮ್ಮ ಕಡೆ ಎಲ್ಲರ ಮನೆಯ ಅಭ್ಯಾಸ. ಬಿಡಿ ಅದನ್ನು. ತೊಗಲು ಸುಕ್ಕುಗಟ್ಟಿ ಬಿರಿಯುತ್ತದೆ, ಬಿಸಿಗೆ ಅಂಟು ಸಡಿಲವಾಗುತ್ತದೆ. ಪ್ಯಾಡ್ ತೆಗೆದು, ಒಳಗೆ ಹಳೇ ಪೇಪರ್ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ಮೂರನೇ ಸಲಕ್ಕೆ ಪೇಪರ್ ಒಣಗಿಯೇ ಹೊರಗೆ ಬರುತ್ತದೆ. ಆಮೇಲೆ ಫ್ಯಾನ್ ಕೆಳಗೆ ಒಂದು ರಾತ್ರಿ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಿ ಶೂ ಮೇಲೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ ಬಳಿಯುವವರಿದ್ದಾರೆ. ಉಂಬಳಕ್ಕೇನೋ ಆಗುತ್ತದೆ. ಆದರೆ ಉಪ್ಪು ತೇವ ಎಳೆದುಕೊಂಡು ಲೇಸ್ ರಿಂಗ್‌ಗೆ ತುಕ್ಕು ಹಿಡಿಸುತ್ತದೆ, ಸುಣ್ಣ ತೊಗಲನ್ನು ತಿನ್ನುತ್ತದೆ. ಹತ್ತಿ ಬಟ್ಟೆಯ ಉಂಬಳದ ಕಾಲ್ಚೀಲ ಮೊಣಕಾಲವರೆಗೆ ಎಳೆದುಕೊಂಡು, ಬೇಕಿದ್ದರೆ ಹೊಗೆಸೊಪ್ಪಿನ ನೀರನ್ನು ಅದಕ್ಕೆ ಹಚ್ಚಿ.

ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ. ಹಳೇ ದಿಂಬಿನ ಚೀಲ ಸಾಕು, ಗಾಳಿಯಾಡುತ್ತದೆ. ಅಟ್ಟಕ್ಕೆ ಹಾಕಬೇಡಿ, ದಿನಾ ಕಣ್ಣಿಗೆ ಬೀಳುವ ಕಡೆ ಇಡಿ. ಬೂಸ್ಟು ಬಂದರೆ ಒಣ ಬಟ್ಟೆಯಲ್ಲಿ ಹೊರಗೆ ಒರೆಸಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಮತ್ತೊಮ್ಮೆ ಒರೆಸಿ, ಗಾಳಿಗೆ ಇಡಿ. ತಿಂಗಳಿಗೆ ಒಂದೆರಡು ಸಲ ಹಾಕಿಕೊಂಡು ಮಾರ್ಕೆಟ್‌ಗಾದರೂ ಹೋಗಿಬನ್ನಿ. ಗಾಂಧಿ ಬಜಾರಿನಲ್ಲಿ ಟ್ರೆಕಿಂಗ್ ಶೂ ಹಾಕಿ ಸೊಪ್ಪು ಕೊಳ್ಳುತ್ತಿರುವವಳು ಕಂಡರೆ ಅದು ನಾನೇ ಇರಬಹುದು.

ಬಿಸಾಡುವ ಮುಂಚೆ

ಲೇಸ್, ಪ್ಯಾಡ್, ಕೊಕ್ಕೆ ತೆಗೆದಿಟ್ಟುಕೊಳ್ಳಿ. ತೊಗಲು ಗಟ್ಟಿಯಿದ್ದರೆ ಶೂವನ್ನು ರಿಪೇರಿ ಯಜಮಾನರಿಗೇ ಕೊಡಿ, ಇನ್ಯಾರದೋ ಹಿಮ್ಮಡಿಗೆ ತೇಪೆಯಾಗುತ್ತದೆ. ಹಂಡೆ ಒಲೆಗೆ ಮಾತ್ರ ತುರುಕಬೇಡಿ. ಆ ಹೊಗೆ ಮನೆಯವರ ಎದೆಗೇ ಹೋಗುತ್ತದೆ. ನನ್ನ ಶೂ ಲೇಸ್ ಒಂದೂವರೆ ಮೀಟರ್ ಉದ್ದದ್ದು, ಒಳ್ಳೆ ನೈಲಾನ್. ಅಪ್ಪ ಅದನ್ನು ತೋಟಕ್ಕೆ ಒಯ್ದು, ಅಡಿಕೆ ಮರದಿಂದ ಜಾರಿದ್ದ ಕಾಳುಮೆಣಸಿನ ಬಳ್ಳಿ ಕಟ್ಟಿದರು. ಇನ್ನೊಂದು ಲೇಸ್ ಕೊಡಚಾದ್ರಿಯ ಬುಡದ ಆ ತೋಟದಲ್ಲೇ ಎಲ್ಲೋ ಬಿದ್ದುಹೋಗಿದೆ, ಬಾಳೆಪಟ್ಟೆ ಕಟ್ಟುವ ಗಡಿಬಿಡಿಯಲ್ಲಿ.